ಶಿರಾಲಿಗೆ ಸೀಟು ಎಷ್ಟು?

ಚಿತ್ರರಸಿಕ ಗೆಳೆಯರೇ, ಗಾಂಧಿನಗರದ ಸುದ್ದಿ ಈ ವಾರ ಸ್ವಲ್ಪ ಬದಿಗಿರಲಿ. ನಮ್ಮ ಮನೆಯಲ್ಲೇ ಒಂದು ಚಿತ್ರ ಸೆಟ್ಟೇರಿದೆ. ಹೆಸರು ‘ಸೂಟಿಗೆ ಸಮುದ್ರ’. ಕಥೆ, ಸಂಭಾಷಣೆ, ನಿರ್ದೇಶನ ಎಲ್ಲಾ ನಾನೇ!

ನವಲಗುಂದದ ಎರಿಭೂಮಿಯಲ್ಲಿ ಹುಟ್ಟಿದ ನಮಗೆ ಕಡಲು ಅಂದರೆ ಬೆಳ್ಳಿತೆರೆಯ ಕಡಲು. 2014ರಲ್ಲಿ ‘ಉಳಿದವರು ಕಂಡಂತೆ’ಯ ಮಲ್ಪೆ ನೋಡಿ ಬಂದವನು ಬೆಣ್ಣಿಹಳ್ಳದ ದಂಡೆಯಲ್ಲಿ ನಿಂತು ನಿಟ್ಟುಸಿರು ಬಿಟ್ಟಿದ್ದೆ. ಅವ್ವ, ಅಪ್ಪ, ತಂಗಿ, ನಾನು, ನಾಲ್ವರಲ್ಲಿ ಒಬ್ಬರೂ ಸಮುದ್ರ ಕಂಡಿಲ್ಲ.

ಊರು ಆರಿಸಿದ್ದು ಭಟ್ಕಳ ತಾಲೂಕಿನ ಶಿರಾಲಿ. ಸಣ್ಣ ಊರು, ಮುರ್ಡೇಶ್ವರ ಮಗ್ಗುಲಲ್ಲೇ. ಮನೆಯಲ್ಲಿ ಹೇಳಿದ್ದು 123 ಅಡಿ ಶಿವನ ದರ್ಶನ ಅಂತ. ಒಳಗಿನ ಕಾರಣ ನಿಮಗಷ್ಟೇ ಹೇಳ್ತೀನಿ. ಅನಂತನಾಗ್ ಬಾಲ್ಯದ ಕೆಲಕಾಲ ಕಳೆದದ್ದು ಅಲ್ಲಿಯ ಚಿತ್ರಾಪುರ ಮಠದಲ್ಲಿ. ದಾರಿಯ ಹೊನ್ನಾವರವೋ, 1954ರಲ್ಲಿ ನಮ್ಮ ಶಂಕರಣ್ಣ ಹುಟ್ಟಿದ ನೆಲ!

ದಿನ ಹೊಂದಿಸುವುದೇ ದೊಡ್ಡ ಸರ್ಕಸ್ಸು. ಜೋಳ, ಕಡಲೆ ರಾಶಿ ಮುಗಿಯಬೇಕು, ತಂಗಿಯ ಪರೀಕ್ಷೆ ಮುಗಿಯಬೇಕು, ಹೆಸರು ಬಿತ್ತೋ ಮೊದಲು ವಾಪಸ್ಸು ಬರಬೇಕು. ಮಳೆಗಾಲದಲ್ಲಿ ಕಡಲು ಕೆರಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೂ ಮೀನುಗಾರಿಕೆ ನಿಷೇಧ. ಉಳಿದದ್ದು ಏಪ್ರಿಲ್ ಕೊನೆಯ ವಾರ ಒಂದೇ.

ಅವ್ವನದು ಬೇರೆ ಚಿಂತೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ನೀರುಪಾಲಾದರು. ಅವರದೂ ನಮ್ಮಂಥ ಬಯಲುಸೀಮೆ. ಬಾವಿಯಲ್ಲಿ ಈಜು ಕಲಿತ ಹುಲಿಗಳೇ, ನಿಮಗೂ ಹೇಳ್ತೀನಿ ಕೇಳಿ. ತೆರೆ ಹಿಂದೆ ಸರಿಯುವಾಗ ಕಾಲ ಕೆಳಗಿನ ಉಸುಕನ್ನೇ ಎಳಕೊಂಡು ಹೋಗುತ್ತದಂತೆ. ಅಲ್ಲಿ ಹೀರೋಗಿರಿ ಬೇಡ. ಕಾವಲಿನವ ಸೀಟಿ ಊದಿದರೆ ದಂಡೆಗೆ ಬನ್ನಿ. ‘ಮೊಣಕಾಲ ಮಟ ನೀರು, ಅಷ್ಟ’ ಅಂತ ಅವ್ವನ ಆಜ್ಞೆ ಆಗಿದೆ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಲೆಕ್ಕವನ್ನೂ ಹಾಕಿದ್ದಾಳೆ.

ಕೆಟ್ಟು ನಿಂತದ್ದು ಅಪ್ಪ. 2015ರ ಮಹದಾಯಿ ಹೋರಾಟದಲ್ಲಿ ದಿನಗಟ್ಟಲೆ ಧರಣಿ ಕೂತ ಮನುಷ್ಯ.

‘ನೀರು ಸಮುದ್ರಕ್ಕ ಸುಮ್ನ ಹರದು ಹೋಗೂದು ನೋಡಾಕ ನಾ ರೊಕ್ಕಾ ಕೊಟ್ಟು ಹೋಗಬೇಕನು?’

ನನ್ನ ಬಾಯಿ ಬಂದಾಯಿತು. ಇಂಥ ಡೈಲಾಗು ಯಾವ ಚಿತ್ರದಲ್ಲೂ ಕೇಳಿರಲಿಲ್ಲ. ಎರಡು ದಿನ ಬಿಟ್ಟು ಮೆಲ್ಲಗೆ ದಾರಿ ವಿವರಿಸಿದೆ: ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ನಮ್ಮ ಜಿಲ್ಲೆಯ ಕಲಘಟಗಿಯಲ್ಲಿ ಹರಿಯುವ ಬೇಡ್ತಿಯೇ ಘಟ್ಟ ಇಳಿದು ಗಂಗಾವಳಿ ಆಗುತ್ತದೆ. ಅಂಕೋಲಾದಿಂದ ಕುಮಟಾ ಕಡೆ ಹೊರಟ ಬಸ್ಸು ಅದರ ಸೇತುವೆ ಮೇಲೇ ಹಾಯುತ್ತದೆ. ಅಪ್ಪ ಬೀಡಿ ಆರುವ ತನಕ ಮಾತಾಡಲಿಲ್ಲ.

‘ನಮ್ಮ ನೀರು ಎಲ್ಲಿ ಹೋಗಿ ಬೀಳತೈತಿ, ಒಮ್ಮೆ ನೋಡೇ ಬಿಡೂಣು. ಆದರ ಎತ್ತು, ಎಮ್ಮಿ ಯಾರ ನೋಡ್ತಾರ?’

ಈ ಪ್ರಶ್ನೆಗೆ ಉತ್ತರ ಮನೆಯಲ್ಲಿ ಒಂದೇ. ಸೀಟು ನಾಲ್ಕಲ್ಲ, ಮೂರು.

ಹೊನ್ನಾವರದ ಶರಾವತಿ ಸೇತುವೆಯದೊಂದು, ಮಠದ ಮುಂದಿನ ಬೀದಿಯದೊಂದು ಫೋಟೋ ತೆಗೆಯಲು ತಂಗಿಗೆ ನನ್ನ ಮೊಬೈಲ್ ಕೊಡುತ್ತಿದ್ದೇನೆ. ಎಮ್ಮೆ ಅವ್ವನ ಕೈಗಲ್ಲದೆ ಬೇರೆಯವರಿಗೆ ಹಾಲು ಬಿಡುವುದಿಲ್ಲ. ಇವತ್ತು ಸಂಜೆಯಿಂದ ಚರಿಗೆ ಹಿಡಿದು ಕಲಿಯಲು ಕೂರಬೇಕು.