ಝೈತೂನ್ ಎಣ್ಣೆ: ಆಹಾರ ಹೌದು, ಪರೀಕ್ಷೆಗೆ ಬದಲಿ ಅಲ್ಲ

'ದಿನಾ ಎರಡು ಚಮಚ ಝೈತೂನ್ ಎಣ್ಣೆ ಕುಡಿದರೆ ಕರುಳಿನ ಕ್ಯಾನ್ಸರ್ ಬರುವುದಿಲ್ಲವಂತೆ, ನಿಜವೇ ಹಕೀಮರೇ?' ಎಂದು ಅನೇಕರು ಕೇಳುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಅಪಾಯಕಾರಿ.

ಕುರ್‌ಆನ್ ಝೈತೂನ್ ಮರವನ್ನು ಅನುಗ್ರಹೀತ ಮರವೆಂದು ಕರೆದಿದೆ. ಯುನಾನಿಯಲ್ಲಿ ರೋಗನೆ ಝೈತೂನ್ ಬಳಕೆ ಬಹಳ ಹಳೆಯದು. ಇಂದಿನ ವಿಜ್ಞಾನವೂ ಅದರಲ್ಲಿ ಆಸಕ್ತಿ ತೋರಿಸಿದೆ. ಒಳ್ಳೆಯ ಝೈತೂನ್ ಎಣ್ಣೆ ನುಂಗಿದಾಗ ಗಂಟಲು ಸ್ವಲ್ಪ ಉರಿಯುತ್ತದಲ್ಲವೇ? ಅದಕ್ಕೆ ಕಾರಣ ಓಲಿಯೋಕ್ಯಾಂಥಾಲ್ ಎಂಬ ಅಂಶ. ಅದು ಐಬುಪ್ರೊಫೇನ್ ಮಾತ್ರೆಯಂತೆಯೇ ಉರಿಯೂತ ಹುಟ್ಟಿಸುವ ಕಿಣ್ವಗಳನ್ನು ತಡೆಯುತ್ತದೆ ಎಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಅದೇ ವರ್ಷ ಅಲ್‌ಸ್ಟರ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ, ಈ ಎಣ್ಣೆಯ ಫೀನಾಲ್ ಅಂಶಗಳು ಕರುಳಿನ ಜೀವಕೋಶಗಳ ಡಿಎನ್‌ಎಗೆ ಆಗುವ ಹಾನಿಯನ್ನೂ ಕ್ಯಾನ್ಸರ್ ಕೋಶಗಳ ಹರಡುವಿಕೆಯನ್ನೂ ಕಡಿಮೆ ಮಾಡಿದ್ದು ಕಂಡುಬಂತು.

ಆದರೆ ಗಾಜಿನ ತಟ್ಟೆಯಲ್ಲಿನ ಜೀವಕೋಶ ಬೇರೆ, ಮನುಷ್ಯನ ಶರೀರ ಬೇರೆ. 'ರಕ್ಷಣೆ ನೀಡಬಹುದು' ಎಂಬ ಮಾತನ್ನು 'ಕ್ಯಾನ್ಸರ್ ಬರುವುದೇ ಇಲ್ಲ' ಎಂದು ಓದಬಾರದು.

ಈ ಫೀನಾಲ್‌ಗಳು ಹೆಚ್ಚಾಗಿರುವುದು ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯಲ್ಲಿ. ರಿಫೈನ್ ಮಾಡಿದಾಗ ಅವುಗಳಲ್ಲಿ ಬಹುಪಾಲು ನಷ್ಟವಾಗುತ್ತವೆ. ಪೋಮೇಸ್ ಎಂದು ಬರೆದಿರುವ ಅಗ್ಗದ ಎಣ್ಣೆಯನ್ನು ಹಿಂಡಿ ಉಳಿದ ಹಿಪ್ಪೆಯಿಂದ ತೆಗೆಯುತ್ತಾರೆ. ಬೇರೆ ಎಣ್ಣೆಯ ಜಾಗದಲ್ಲಿ ಇದನ್ನು ಬಳಸಿ, ಅದರ ಮೇಲೆ ಇದನ್ನೂ ಸುರಿಯಬೇಡಿ. ಒಂದು ದೊಡ್ಡ ಚಮಚದಲ್ಲಿ ಸುಮಾರು 120 ಕ್ಯಾಲೊರಿ ಇದೆ. ಕೊಳ್ಳಲು ಕೈಲಾಗದವರು ಕೊರಗಬೇಕಿಲ್ಲ. ಆ ಹಣದಲ್ಲಿ ಸೊಪ್ಪು, ತರಕಾರಿ, ಬೇಳೆಕಾಳು ತನ್ನಿ. ಕರುಳಿಗೆ ನಾರಿನಂಶ ಬಹಳ ಮುಖ್ಯ.

ನಮ್ಮ ಊಟದ ಇನ್ನೊಂದು ಮಗ್ಗುಲನ್ನೂ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಸಾಸೇಜ್, ಸಲಾಮಿಯಂತಹ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕವೆಂದೂ, ಕುರಿ, ದನ ಮುಂತಾದ ಕೆಂಪು ಮಾಂಸವನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿತು. ಹಲಾಲ್ ಮುದ್ರೆಯಿದ್ದರೂ ಸಾಸೇಜ್ ಸಾಸೇಜೇ. ವಾರವಿಡೀ ಮಾಂಸ ತಿಂದು ಎರಡು ಚಮಚ ಎಣ್ಣೆಯಿಂದ ಲೆಕ್ಕ ಸರಿದೂಗಿಸಲಾಗದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಮುಜುಗರದ್ದು. ಮಲದಲ್ಲಿ ರಕ್ತ ಕಂಡರೆ 'ಮೂಲವ್ಯಾಧಿ ಇರಬೇಕು' ಎಂದು ಎಷ್ಟೋ ಮಂದಿ, ವಿಶೇಷವಾಗಿ ಮಹಿಳೆಯರು, ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ: ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಬಳಿ ಹೋಗಿ. ಅವರು ಹೇಳಿದರೆ ಕೊಲೊನೋಸ್ಕೋಪಿ ಮಾಡಿಸಿ. ಕರುಳಿನ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಸಮಯ ಬೇಕು. ಅಷ್ಟರೊಳಗೆ ಕಂಡುಹಿಡಿದು ತೆಗೆದರೆ ಕಾಯಿಲೆಯನ್ನೇ ತಡೆಯಬಹುದು. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಆ ಗಂಟನ್ನು ಯಾವ ಎಣ್ಣೆಯೂ ಕರಗಿಸದು.