ಏಳು ಮಂದಿ ಸಾಲದೆ?

ಮಕ್ಕಳ ಸಂಖ್ಯೆ ಕ್ಷೀಣಿಸಿದ ಗ್ರಾಮೀಣ ಪ್ರೌಢಶಾಲೆಗಳು ಪ್ರತ್ಯೇಕ ಕಬಡ್ಡಿ ತಂಡ ಕಟ್ಟುವುದು ವ್ಯರ್ಥವೆಂದೂ, ತಾಲ್ಲೂಕಿಗೊಂದು ಸಂಯುಕ್ತ ತಂಡವಿದ್ದರೆ ಸಾಕೆಂದೂ, ಹೇಗೂ ನೋಡುವವರಿಲ್ಲವೆಂದೂ ಈಚೆಗೆ ಪ್ರಕಟವಾದ ಲೇಖನವೊಂದರ ಕರ್ತೃಗಳು ಅಪ್ಪಣೆ ಕೊಡಿಸಿದ್ದಾರೆ. ಕುದೂರಿನ ಹೋಬಳಿ ಮಟ್ಟದ ಕ್ರೀಡಾಕೂಟವನ್ನು ಒಮ್ಮೆಯಾದರೂ ಕಂಡಿದ್ದರೆ, ದೈಹಿಕ ಶಿಕ್ಷಕರು ಪೀಪಿ ಊದಿ ಗದರಿಸಿದಷ್ಟೂ ಸುಣ್ಣದ ಗೆರೆಯನ್ನು ತುಳಿದು ಮುಂದೊತ್ತಿ ಬರುವ ಜನಸ್ತೋಮವನ್ನು ನೋಡಿ, ಆ ಕಡೆಯ ಮಾತನ್ನಾದರೂ ಅವರು ಹೊಡೆದುಹಾಕುತ್ತಿದ್ದರು.

ಏಳೇ ಮಂದಿ ಕಣಕ್ಕಿಳಿಯುವ ಈ ಕ್ರೀಡೆ ಸಣ್ಣ ಶಾಲೆಗೆಂದೇ ಹೇಳಿಮಾಡಿಸಿದಂತಿದೆ. ಅಂಗಳದಲ್ಲಿ ಮೂವರೋ ಇಬ್ಬರೋ ಉಳಿದಿರುವಾಗ ದಾಳಿಗಾರನನ್ನು ಹಿಡಿದುಹಾಕಿದರೆ ಒಂದು ಅಂಕವನ್ನು ಹೆಚ್ಚಾಗಿಯೇ ಕೊಡುವ ನಿಯಮವನ್ನು ವಿಧಿಸಿದವರು ಅಲ್ಪಸಂಖ್ಯೆಯನ್ನು ಅಪರಾಧವೆಂದು ಬಗೆದವರಲ್ಲ. ಹನ್ನೊಂದು ಹುಡುಗರು ಒದಗದ ಅಮೆರಿಕದ ಅನೇಕ ಸಣ್ಣ ಶಾಲೆಗಳು ತಮ್ಮ ಫುಟ್‌ಬಾಲನ್ನೇ ಎಂಟು ಮಂದಿಗೆ ಇಳಿಸಿಕೊಂಡು ಆಡುತ್ತಿವೆ. ನಮಗೆ ಆ ಶ್ರಮವೂ ಇಲ್ಲ.

ಭವಿಷ್ಯವೆಲ್ಲಿದೆ ಎಂಬುದು ಇನ್ನೊಂದು ಆಕ್ಷೇಪ. 1990ರಲ್ಲಿಯೇ ಏಷ್ಯನ್ ಕ್ರೀಡಾಕೂಟವನ್ನು ಪ್ರವೇಶಿಸಿ, 2014ರಿಂದ ಪ್ರೊ ಕಬಡ್ಡಿಯ ಮೂಲಕ ಮನೆಮನೆಯ ದೂರದರ್ಶನವನ್ನೇರಿದ ಆಟಕ್ಕೆ ಈ ಆಕ್ಷೇಪವು, ಸೌಮ್ಯವಾಗಿ ಹೇಳುವುದಾದರೆ, ಸ್ವಲ್ಪ ತಡವಾಗಿ ಬಂದಿದೆ. ಇನ್ನು ಸಂಯುಕ್ತ ತಂಡ: ಮಾಗಡಿ ತಾಲ್ಲೂಕಿಗೆಲ್ಲ ಒಂದೇ ತಂಡವಾದರೆ ಕುದೂರು ಹೋಬಳಿಯ ಎಷ್ಟು ಹುಡುಗರಿಗೆ ಅದರಲ್ಲಿ ಸ್ಥಾನ ದೊರೆತೀತು, ಭೈರವನದುರ್ಗದ ತಪ್ಪಲಿನ ಯಾವ ರೈತ ರಾಗಿಯ ಕಳೆ ಬಿಟ್ಟು, ತನ್ನ ಮಗನಿಲ್ಲದ ಪಂದ್ಯವನ್ನು ನೋಡಲು ಮಾಗಡಿಯ ಬಸ್ಸು ಹತ್ತಿಯಾನು?