ನೋಮಿಗೂ ನೋತೋಗೂ ಒಂದೇ ಅಳತೆಗೋಲು: ಹಕ್ಕೊತ್ತಾಯ ಪತ್ರ

ಇಶಿಕಾವಾ ಪ್ರಾಂತ್ಯದ ಗವರ್ನರ್ ಅವರಿಗೆ, ಪ್ರಾಂತೀಯ ಸಭೆಯ ಸದಸ್ಯರಿಗೆ ಮತ್ತು ನೋಮಿ ನಗರಸಭೆಗೆ,

ಓದು, ಸಂಶೋಧನೆ, ಕೆಲಸ ಎಂದು ಬಂದು ನೋಮಿಯಲ್ಲಿ ನೆಲೆಸಿರುವ ಕನ್ನಡಿಗರು ನಾವು. ಇಲ್ಲಿ ನಮಗೆ ಮತವಿಲ್ಲ. ಆದರೆ ಜಪಾನಿನ ಸಂವಿಧಾನದ 16ನೇ ವಿಧಿ ಮನವಿ ಸಲ್ಲಿಸುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ನಾವು ಕಟ್ಟುವ ನಿವಾಸಿ ತೆರಿಗೆ ಆದಾಯದ ಶೇ. 10, ಅದರಲ್ಲಿ 6 ಪಾಲು ನಗರಕ್ಕೆ, 4 ಪಾಲು ಪ್ರಾಂತ್ಯಕ್ಕೆ. ಆ 4 ಪಾಲಿನ ಲೆಕ್ಕದಲ್ಲಿ ಉತ್ತರದ ನೋತೋ ಪರ್ಯಾಯ ದ್ವೀಪವೂ ನಮ್ಮದೇ.

ಒಂದೇ ಪ್ರಾಂತ್ಯದ ಎರಡು ಭಾಗಗಳು ಇವು. ದಕ್ಷಿಣದ ಕಾಗಾ ಭಾಗದಲ್ಲಿರುವ ನೋಮಿ, 2005ರಲ್ಲಿ ನೆಆಗಾರಿ, ತೆರಾಯಿ, ತತ್ಸುನೊಕುಚಿ ಪಟ್ಟಣಗಳು ಸೇರಿ ಆದ ಊರು. ಸುಮಾರು 50,000 ಜನ, ಕಾರ್ಖಾನೆಗಳು, ವಿಶ್ವವಿದ್ಯಾಲಯ. ನೋತೋದ ತುದಿಯ ಸುಝುವಿನಲ್ಲಿ 2024ರ ಭೂಕಂಪಕ್ಕೆ ಮೊದಲೇ ಅರ್ಧದಷ್ಟು ಜನ 65 ದಾಟಿದವರು. 2024ರ ಜನವರಿ 1ರ ಸಂಜೆ 4 ಗಂಟೆ 10 ನಿಮಿಷಕ್ಕೆ 7.6 ತೀವ್ರತೆಯ ಕಂಪನ ಬಂದಾಗ ಇಲ್ಲೂ ನೆಲ ನಡುಗಿತು. ಆದರೆ ಇಲ್ಲಿ ಬದುಕು ಬೇಗ ಹಳಿಗೆ ಬಂತು. ಅಲ್ಲಿ 228 ಜನ ನೇರವಾಗಿ ಸತ್ತರು. ಆಮೇಲಿನ ಚಳಿ, ದಣಿವು, ಕಾಯಿಲೆಗಳಿಂದ ಸತ್ತವರು ಅದಕ್ಕಿಂತ ಹೆಚ್ಚು. ಭೂಕಂಪ ಪ್ರಕೃತಿಯದು, ಒಪ್ಪುತ್ತೇವೆ. ಅದಾದ ಮೇಲಿನ ಸಾವುಗಳನ್ನೂ ಪ್ರಕೃತಿಯ ತಲೆಗೆ ಕಟ್ಟುವುದನ್ನು ಒಪ್ಪುವುದಿಲ್ಲ.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು:

1. ಪ್ರಾಂತ್ಯದ ಸರಾಸರಿಯನ್ನು ಮುಂದಿಟ್ಟು ಜೀವನಮಟ್ಟದ ಮಾತಾಡುವುದನ್ನು ನಿಲ್ಲಿಸಿ. ಕಾನಾಝಾವಾ, ನೋಮಿಗಳ ಸುಖವನ್ನು ನೋತೋದ ವಾಜಿಮಾ, ಸುಝುಗಳ ಕಷ್ಟದ ಜೊತೆ ಕೂಡಿಸಿ ಭಾಗಿಸಿದರೆ ಕಷ್ಟವೇ ಕಾಣುವುದಿಲ್ಲ. ನಮ್ಮ ನಾಡಿನಲ್ಲಿ ಇದನ್ನು ಕಂಡಿದ್ದೇವೆ. ಬೆಂಗಳೂರಿನ ವರಮಾನ ಕರ್ನಾಟಕದ ಸರಾಸರಿಯನ್ನು ಎತ್ತಿ ಹಿಡಿದಿತ್ತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನಿಟ್ಟು ತಾಲ್ಲೂಕು ತಾಲ್ಲೂಕನ್ನೇ ಅಳೆದು 2002ರಲ್ಲಿ ವರದಿ ಕೊಟ್ಟಾಗ 175ರಲ್ಲಿ 114 ತಾಲ್ಲೂಕುಗಳು ಹಿಂದುಳಿದಿದ್ದವು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲಬರ್ಗಾ ವಿಭಾಗದವು. ಆ ವಿಭಾಗದ, ಅಂದರೆ ಈಗಿನ ಕಲ್ಯಾಣ ಕರ್ನಾಟಕದ, ಕೊರತೆ ನೀಗಿದೆ ಎಂದು ನಾವು ಹೇಳುತ್ತಿಲ್ಲ. ಆದರೆ ಅಂಕಿ ಕೈಗೆ ಬಂದ ಮೇಲೆ ಅದನ್ನು ಇಲ್ಲವೆನ್ನಲು ಯಾರಿಗೂ ಆಗಲಿಲ್ಲ. ಇಲ್ಲಿಯೂ ಹಳ್ಳಿ ಹಳ್ಳಿಯ ಲೆಕ್ಕ ಬೇಕು: ನಲ್ಲಿ ನೀರು, ವೈದ್ಯರು, ಬಸ್ಸು, ಶಾಲೆ, ದಿನಸಿ ಅಂಗಡಿ ಎಷ್ಟು ದೂರ. ನೋಮಿಯದನ್ನೂ ಪಕ್ಕದಲ್ಲೇ ಇಟ್ಟು ಪ್ರತಿವರ್ಷ ಪ್ರಕಟಿಸಿ.

2. ಜನ ಕಡಿಮೆಯೆಂಬ ಕಾರಣಕ್ಕೆ ಯಾವ ಹಳ್ಳಿಯನ್ನೂ ಕೈಬಿಡಬಾರದು. ಜನ ಕಡಿಮೆಯಾಗುತ್ತಿರುವ ಕಡೆ ಮುಂದಿನ ನಿರ್ವಹಣೆಯ ಖರ್ಚನ್ನು ನೋಡಿಕೊಂಡು, ವಸತಿಯನ್ನು ಒಂದೆಡೆ ಸೇರಿಸುವ ಯೋಚನೆಯೊಂದಿಗೆ ಪುನರ್ನಿರ್ಮಾಣ ಮಾಡಬೇಕೆಂಬ ಅಭಿಪ್ರಾಯ 2024ರ ಏಪ್ರಿಲ್‌ನಲ್ಲಿ ಹಣಕಾಸು ಸಚಿವಾಲಯದ ಸಲಹಾ ಮಂಡಳಿಯಿಂದ ಬಂತು. ಆಗಿನ್ನೂ ನೋತೋದ ಎಷ್ಟೋ ಮನೆಗಳಲ್ಲಿ ನಲ್ಲಿ ಒಣಗಿತ್ತು. ಊರು ಬಿಡುವುದೋ ಉಳಿಯುವುದೋ ಅಲ್ಲಿಯವರ ತೀರ್ಮಾನ. ನೀರು, ರಸ್ತೆ ತಡಮಾಡಿ ಅವರನ್ನು ಹೊರಡಿಸಬೇಡಿ.

3. ನೀರು. ತೆದೋರಿ ಅಣೆಕಟ್ಟಿನ ಪ್ರಾಂತೀಯ ಕೊಳವೆ ಉತ್ತರದಲ್ಲಿ ನನಾವೋವರೆಗೆ ಹೋಗುತ್ತದೆ. ಅದರಾಚೆಯ ಊರುಗಳು ತಮ್ಮ ತಮ್ಮ ನೀರಿನ ಮೂಲಗಳನ್ನೇ ನಂಬಿವೆ. ಅಲ್ಲಿನ ಪ್ರತಿ ಹಳ್ಳಿಗೂ ಬಾವಿ ಅಥವಾ ಸಣ್ಣ ಶುದ್ಧೀಕರಣ ಘಟಕ, ಅದಕ್ಕೆ ಪ್ರಾಂತ್ಯದ್ದೇ ಹಣ.

4. ಸಾರಿಗೆ. ಭೂಕಂಪವಾಗಿ 75 ದಿನಕ್ಕೆ, ಮಾರ್ಚ್ 16ರಂದು, ಕಾನಾಝಾವಾದಿಂದ ತ್ಸುರುಗಾಕ್ಕೆ ಹೊಕುರಿಕು ಶಿಂಕಾನ್ಸೆನ್ ರೈಲು ಓಡಿತು. ಅದು ನೋಮಿಯ ಗದ್ದೆಗಳ ಮೇಲಿಂದಲೇ ಹೋಗುತ್ತದೆ. ನಮಗೂ ಅನುಕೂಲವಾಗಿದೆ, ಸಂತೋಷವೇ. ನೋತೋದಲ್ಲಿ ಅನಾಮಿಝುವಿನಿಂದ ವಾಜಿಮಾಗೆ ಹೋಗುತ್ತಿದ್ದ ರೈಲು ಮಾತ್ರ 2001ರಲ್ಲೇ ನಿಂತಿತು, ಸುಝುವಿನ ಕಡೆಯದು 2005ರಲ್ಲಿ. ಉಳಿದದ್ದು ರಸ್ತೆ. ಕಡಲಂಚಿನ ರಾಷ್ಟ್ರೀಯ ಹೆದ್ದಾರಿ 249 ಗುಡ್ಡ ಕುಸಿದು ತುಂಡಾದಾಗ ಹಳ್ಳಿಗಳು ದ್ವೀಪಗಳಾದವು. ಪ್ರತಿ ಹಳ್ಳಿಗೂ ಎರಡನೆಯ ದಾರಿ ಬೇಕು, ಕಾರು ಓಡಿಸಲಾಗದ ವೃದ್ಧರಿಗೆ ಆಸ್ಪತ್ರೆಗೆ ನಿತ್ಯದ ಬಸ್ಸು ಬೇಕು. ನೋತೋದ ಉತ್ತರ ಭಾಗವಾದ ಒಕುನೋತೋದ ನಾಲ್ಕು ಸಾರ್ವಜನಿಕ ಆಸ್ಪತ್ರೆಗಳನ್ನು ಒಗ್ಗೂಡಿಸಿ ನೋತೋ ವಿಮಾನ ನಿಲ್ದಾಣದ ಬಳಿ ಹೊಸದು ಕಟ್ಟುವ ಯೋಜನೆಯಿದೆ. ಬಸ್ಸು ಓಡದೆ, ಹಳೆಯ ಊರುಗಳಲ್ಲಿ ಹೊರರೋಗಿ ವಿಭಾಗ ಉಳಿಯದೆ ಆ ಯೋಜನೆಗೆ ನಮ್ಮ ಒಪ್ಪಿಗೆಯಿಲ್ಲ.

5. ಭೂಕಂಪದಲ್ಲಿ ಮನೆ ಕಳೆದುಕೊಂಡವರ ತಾತ್ಕಾಲಿಕ ಮನೆಗಳನ್ನು ನೆರೆ ಬರುವ ಜಾಗದಲ್ಲಿ ಕಟ್ಟಬಾರದು. 2024ರ ಸೆಪ್ಟೆಂಬರ್ 21ರ ಮಳೆಗೆ ವಾಜಿಮಾದಲ್ಲಿ ಅಂಥ ಮನೆಗಳಿಗೇ ನೀರು ನುಗ್ಗಿತು. ಒಂಬತ್ತೇ ತಿಂಗಳಲ್ಲಿ ಎರಡನೇ ಸಲ ಎಲ್ಲವನ್ನೂ ಕಳೆದುಕೊಂಡವರಿದ್ದಾರೆ.

6. ದುಡಿಮೆ. ಉತ್ತರ ಕರಾವಳಿಯಲ್ಲಿ ನೆಲ 4 ಮೀಟರ್‌ವರೆಗೂ ಮೇಲೆದ್ದು ಬಂದರುಗಳ ತಳ ಬಯಲಾಯಿತು. ಆ ಬಂದರುಗಳನ್ನು ಮತ್ತೆ ಕಟ್ಟಿಕೊಡಿ. ನೋಮಿ ನಗರಸಭೆಗೊಂದು ಮಾತು: ನಮ್ಮೂರಿನ ಕುತಾನಿ ಪಿಂಗಾಣಿಗೆ ಮೇ ತಿಂಗಳ ಜಾತ್ರೆಯಿದೆ, ಮಳಿಗೆಗಳಿವೆ, ಕೊಳ್ಳುವವರಿದ್ದಾರೆ. ನೂರಕ್ಕೂ ಮಿಕ್ಕ ಹಂತಗಳಲ್ಲಿ ಅರಗಿನ ಪಾತ್ರೆ ಮಾಡುವ ವಾಜಿಮಾದ ಕುಶಲಕರ್ಮಿಗಳ ಪೇಟೆ ಭೂಕಂಪದ ಸಂಜೆಯೇ ಉರಿದುಹೋಯಿತು. ನೋಮಿಯಲ್ಲಿ ಅವರಿಗೆ ಕಾಯಂ ಮಳಿಗೆ, ಬಾಡಿಗೆಯಿಲ್ಲದ ಕೆಲಸದ ಜಾಗ ಕೊಡಿ.

7. ನೋತೋದ ಓಗಿ ಬಂದರಿನ ಬೊಂಡಾಸ್ ದೋಣಿಗಳಲ್ಲಿ ದುಡಿಯುವ ಇಂಡೋನೇಷ್ಯಾದ ಹುಡುಗರಿಗೂ ವಿಪತ್ತಿನ ಸೂಚನೆ ಅವರ ಭಾಷೆಯಲ್ಲಿ, ಸರಳ ಜಪಾನಿಯಲ್ಲಿ ತಲುಪಬೇಕು. ಸುನಾಮಿ ಎಚ್ಚರಿಕೆ ಓದಿ ತಿಳಿಯದೆ ನಿಲ್ಲುವುದೆಂದರೇನು ಎಂಬುದು ವಿದೇಶಿಯರಾದ ನಮಗೆ ಗೊತ್ತು.

1947ರ ಮನವಿ ಕಾಯ್ದೆಯ 5ನೇ ಕಲಮಿನಂತೆ ಈ ಪತ್ರವನ್ನು ಸ್ವೀಕರಿಸಿ, ಪ್ರಾಮಾಣಿಕವಾಗಿ ಪರಿಶೀಲಿಸುವುದು ತಮ್ಮ ಕರ್ತವ್ಯ. ಯಾವ ಬೇಡಿಕೆ ಯಾವ ಇಲಾಖೆಗೆ ಹೋಯಿತು, ಬರುವ ಬಜೆಟ್ಟಿನಲ್ಲಿ ಯಾವುದಕ್ಕೆ ಹಣವಿಟ್ಟಿರಿ ಎಂಬುದನ್ನು ಬರವಣಿಗೆಯಲ್ಲಿ ತಿಳಿಸಬೇಕೆಂದು ಒತ್ತಾಯಿಸುತ್ತೇವೆ.

ಇಂತು,
ನೋಮಿಯ ಕನ್ನಡ ನಿವಾಸಿಗಳು